ಡಾಕ್ಟರ್ ಬರೆದುಕೊಟ್ಟ ಗಾಂಜಾ: ಹಂಚಿದ್ರೆ ಪುಣ್ಯ, ಮಾರಿದ್ರೆ ಪಾಪಾನಾ?

ಹೋದ ಸಂಚಿಕೇಲಿ ಮೆಡಿಕಲ್ ಕ್ಯಾನಬಿಸ್ (ಔಷಧಿ ಅಂತ ಡಾಕ್ಟರ್ ಬರೆದುಕೊಡೋ ಗಾಂಜಾ) ಅಂದ್ರೆ ಏನು, ಯಾವ ಕಾಯಿಲೆಗೆ ಯಾವ ದೇಶದಲ್ಲಿ ಬರೆದುಕೊಡ್ತಾರೆ ಅಂತ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಕಾಯಿಲೆ ಬಗ್ಗೆ ಕೇಳಿದವರು ಕಮ್ಮಿ. ಮುಕ್ಕಾಲು ಪಾಲು ಜನ ಕೇಳಿದ್ದು ಒಂದೇ: ನಮ್ಮ ಹತ್ರ ಇರೋದನ್ನ ಇನ್ನೊಬ್ಬರಿಗೆ ಕೊಡ್ಬೋದಾ, ದುಡ್ಡು ತಗೊಂಡ್ರೆ ತಪ್ಪಾ, ತಗೊಳ್ದೇ ಇದ್ರೆ ಸರೀನಾ. ಅದಕ್ಕೇ ಈ ಸಲ ಪೂರ್ತಿ ಅದೇ. ಹೆಸರು, ಊರು ಯಾವುದೂ ಹಾಕ್ತಿಲ್ಲ, ಕಾರಣ ಓದ್ತಾ ಹೋದ್ರೆ ಗೊತ್ತಾಗುತ್ತೆ.

ಪ್ರಶ್ನೆ: ಮೇಡಂ, ನಮ್ಮಕ್ಕನಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಅನ್ನೋ ನರಗಳ ಕಾಯಿಲೆ ಇದೆ. ಕಾಲು ಸೆಟೆದುಕೊಳ್ಳೋದಕ್ಕೆ ನ್ಯೂರಾಲಜಿಸ್ಟ್ ಕ್ಯಾನಬಿಸ್ ಸ್ಪ್ರೇ ಬರೆದುಕೊಟ್ಟಿದ್ದಾರೆ, ನಿಜವಾಗ್ಲೂ ಅನುಕೂಲ ಆಗಿದೆ. ಅಕ್ಕನ ಅತ್ತೆಗೆ ಮಂಡಿ ನೋವು, ರಾತ್ರಿಯೆಲ್ಲ ನಿದ್ದೆ ಇಲ್ಲ. ಅವರು ನೋಡೀ ನೋಡೀ ಈಗ "ನಂಗೂ ಎರಡು ಸಲ ಹೊಡೀಯಮ್ಮ" ಅಂತ ಶುರು ಮಾಡಿದ್ದಾರೆ. ಭಾವ ಬೇರೆ "ಮನೆಯವರಿಗೇ ತಾನೇ, ನಾವೇನು ಮಾರ್ತಾ ಇದೀವಾ" ಅಂತಾರೆ. ಅಕ್ಕನಿಗೆ ಇಲ್ಲ ಅನ್ನೋಕೆ ಬಾಯಿ ಬರ್ತಿಲ್ಲ.

ಉತ್ತರ: ಬಾಯಿ ಬರ್ಲೇಬೇಕು, ಬೇಕಾದ್ರೆ ಈ ಪುಟಾನೇ ತೋರಿಸ್ಲಿ.

ನೀವು ಹೇಳಿರೋದು ನಬಿಕ್ಸಿಮಾಲ್ಸ್ ಸ್ಪ್ರೇ ಇರ್ಬೇಕು, ಎಂಎಸ್ ಬಿಗಿತಕ್ಕೆ ಬ್ರಿಟನ್ನಲ್ಲಿ 2010ರಿಂದ ಇದೆ. ಅದನ್ನ ಒಂದು ಸಲ ಒತ್ತಿದ್ರೆ ಬಾಯೊಳಗೆ ಹೋಗೋದು 2.7 ಮಿಲಿಗ್ರಾಂ ಟಿಎಚ್‌ಸಿ, 2.5 ಮಿಲಿಗ್ರಾಂ ಸಿಬಿಡಿ. ಎರಡೂ ಗಾಂಜಾದಲ್ಲಿರೋ ಅಂಶಗಳೇ, ಟಿಎಚ್‌ಸಿ ಅಂದ್ರೆ ತಲೆಗೇರೋದು, ಸಿಬಿಡಿ ಹಾಗೆ ಏರಲ್ಲ. ನಿಮ್ಮಕ್ಕ ಶುರು ಮಾಡಿದ್ದು ಹೇಗೆ ಅಂತ ಕೇಳಿ ನೋಡಿ. ಮೊದಲ ದಿನ ಸಂಜೆ ಒಂದೇ ಒಂದು ಸಲ, ಆಮೇಲೆ ಎರಡು ವಾರದಷ್ಟು ಹೊತ್ತು ನಿಧಾನವಾಗಿ ಏರಿಸ್ತಾ, ಒಂದು ಸಲಕ್ಕೂ ಇನ್ನೊಂದಕ್ಕೂ ಹದಿನೈದು ನಿಮಿಷ ಬಿಟ್ಟು, ಕೆನ್ನೆಯ ಒಳಗೆ ಒಂದೇ ಜಾಗಕ್ಕೆ ಹೊಡೀದೆ ಜಾಗ ಬದಲಾಯಿಸ್ತಾ, ತಲೆ ಸುತ್ತಿದ್ರೆ ಅಲ್ಲೇ ನಿಲ್ಲಿಸಿ, ಹೀಗೆ ಅವರ ಮೈಗೆ ಎಷ್ಟು ಬೇಕೋ ಅಷ್ಟಕ್ಕೆ ಬಂದು ನಿಂತಿರ್ತಾರೆ. ನಾಲ್ಕು ವಾರ ಆದ್ಮೇಲೆ ಡಾಕ್ಟರ್ ನೋಡಿ, ಉಪಯೋಗ ಆಗಿದ್ರೆ ಮಾತ್ರ ಮುಂದುವರಿಸ್ತಾರೆ. ಅಂದ್ರೆ ಬಾಟಲಿ ಮೇಲಿರೋದು ಅಕ್ಕನ ಹೆಸರು ಮಾತ್ರ ಅಲ್ಲ, ಆ ಎರಡು ವಾರದ ಲೆಕ್ಕಾಚಾರಾನೂ ಅಕ್ಕನದ್ದೇ. ಅತ್ತೆಗೆ ಆ ಲೆಕ್ಕ ಯಾರೂ ಮಾಡಿಲ್ಲ.

ಅತ್ತೆಯವರ ವಯಸ್ಸು ನೀವು ಬರೆದಿಲ್ಲ, ಮಾತ್ರೆ ಯಾವುದು ತಗೊಳ್ತಾರೆ ಅಂತಾನೂ ಬರೆದಿಲ್ಲ, ನನಗೆ ಮೊದಲು ಭಯ ಆಗಿದ್ದು ಅಲ್ಲೇ. ಟಿಎಚ್‌ಸಿ ತಗೊಂಡು ಕೂತಲ್ಲಿಂದ ಎದ್ರೆ ಬಿಪಿ ದಿಢೀರ್ ಇಳೀಬೋದು, ರಾತ್ರಿ ಬಾತ್‌ರೂಮಿಗೆ ಅಂತ ಎದ್ದ ವಯಸ್ಸಾದವರು ಬೀಳೋದು ಹೀಗೇ, ಮಂಡಿ ನೋವಿಗೆ ಅಂತ ಕೊಟ್ಟದ್ದು ಸೊಂಟದ ಮೂಳೆ ಮುರಿಯೋದಕ್ಕೆ ಹೋಗಿ ಮುಟ್ಟುತ್ತೆ. ರಕ್ತ ತೆಳು ಮಾಡೋ ವಾರ್ಫರಿನ್ ತಗೊಳ್ತಿದ್ರಂತೂ ಇನ್ನೂ ಕಷ್ಟ, ಕ್ಯಾನಬಿಸ್ ಜೊತೆ ಸೇರಿದ್ರೆ ಅದರ ಪ್ರಭಾವ ಜಾಸ್ತಿ ಆಗಿ ರಕ್ತಸ್ರಾವ ಆಗ್ಬೋದು. ನಿದ್ದೆ ಮಾತ್ರೆ ಇದ್ರೆ ಮಂಪರು ದುಪ್ಪಟ್ಟು. ಇಷ್ಟೆಲ್ಲ ರಿಸ್ಕ್ ತಗೊಂಡು ನೋವು ಹೋಗುತ್ತಾ ಅಂದ್ರೆ, ಬ್ರಿಟನ್ನಿನ ನೈಸ್ ಸಂಸ್ಥೆ 2019ರಲ್ಲಿ ಕೊಟ್ಟ ಮಾರ್ಗಸೂಚೀಲಿ ದೊಡ್ಡವರ ದೀರ್ಘಕಾಲದ ನೋವಿಗೆ ಟಿಎಚ್‌ಸಿ ಇರೋ ಔಷಧಿ ಬರೆಯಬೇಡಿ ಅಂತಾನೇ ಹೇಳಿದೆ. ಎಂಎಸ್ ಬಿಗಿತಕ್ಕೆ ಕೆಲಸ ಮಾಡಿದ್ದು ಸವೆದ ಮಂಡಿಗೂ ಮಾಡ್ಲೇಬೇಕು ಅಂತೇನಿಲ್ಲ.

ಭಾವನ ಮಾತಿಗೆ ಒಂದು ಉತ್ತರ: ಬ್ರಿಟನ್ ಥರದ ಕಡೆ ದುಡ್ಡು ತಗೊಂಡ್ರಾ ಇಲ್ವಾ ಅನ್ನೋದು ಎರಡನೇ ಮಾತು, ಇನ್ನೊಬ್ಬರ ಕೈಗೆ ಕೊಟ್ರೆ ಅಲ್ಲಿಗೆ ಅದು ಸಪ್ಲೈ ಅನ್ನೋ ಅಪರಾಧ. ಅತ್ತೆಗೆ ಸೊಸೆ ಕೊಟ್ಟಳು ಅಂತ ಪೊಲೀಸರು ಬಾಗಿಲು ತಟ್ಟೋದು ಅಪರೂಪ ಇರ್ಬೋದು, ಆದ್ರೆ ಅವರು ಬಿದ್ದು ಆಸ್ಪತ್ರೆಗೆ ಹೋದಾಗ ಡಾಕ್ಟರ್ "ಏನು ತಗೊಂಡಿದ್ರಿ" ಅಂತ ಕೇಳ್ತಾರಲ್ಲ, ಆಗ ಮನೆಯವರೆಲ್ಲ ಒಬ್ಬರ ಮುಖ ಒಬ್ಬರು ನೋಡ್ಕೊಂಡು ಸುಮ್ನಾಗ್ತಾರೆ. ಆ ಸುಮ್ನಾಗೋದೇ ನಿಜವಾದ ಅಪಾಯ.

ಪ್ರಶ್ನೆ: ನಾನು ಗಮನಿಸಿದ್ದು, ಮೆಡಿಕಲ್ ಗಾಂಜಾ ಫ್ರೆಂಡಿಗೆ ಸುಮ್ನೆ ಕೊಟ್ರೆ ಯಾರೂ ಏನೂ ಅನ್ನಲ್ಲ, ಅದೇ ನೂರು ರೂಪಾಯಿ ತಗೊಂಡ್ರೆ "ಡ್ರಗ್ ಡೀಲರ್" ಅಂತಾರೆ. ವಸ್ತು ಅದೇ, ಮನುಷ್ಯ ಅವನೇ. ಈ ವ್ಯತ್ಯಾಸಕ್ಕೆ ಅರ್ಥ ಇದೆಯಾ?

ಉತ್ತರ: ಒಳ್ಳೇ ಪ್ರಶ್ನೆ, ಈ ಸಲ ನನ್ನನ್ನ ಜಾಸ್ತಿ ಹೊತ್ತು ಕೂರಿಸಿದ್ದು ಇದೇ.

ಜನ ಇಂಥ ವಿಷಯದಲ್ಲಿ ಮೂರು ನೋಡ್ತಾರೆ ಅಂತ ನನಗನ್ಸುತ್ತೆ: ದುಡ್ಡು ಕೈ ಬದಲಾಯ್ತಾ, ತಗೊಂಡವರು ಯಾರು, ಯಾಕೆ ತಗೊಂಡ್ರು. ಕ್ಯಾನ್ಸರ್ ಇರೋ ಗೆಳತಿಗೆ ಪುಕ್ಕಟೆ ಕೊಟ್ಟವಳು ದೇವತೆ. ಅಪರಿಚಿತ ಹುಡುಗನಿಗೆ ಪಾರ್ಟಿಗೆ ಅಂತ ಮಾರಿದವನು ಕೇಡಿ. ಇವೆರಡರ ಮಧ್ಯೆ ಇರೋದೆಲ್ಲ ನೋಡೋರ ಮೂಡ್ ಮೇಲೆ, ತಗೊಂಡವರ ಪರಿಚಯದ ಮೇಲೆ ಹೋಗುತ್ತೆ.

ಇದಕ್ಕೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಮೇರಿ ಜೇನ್ ರಾಥ್‌ಬನ್ ಅನ್ನೋ ಅಜ್ಜಿಯ ಕಥೆ ಹೇಳ್ಬೇಕು. ಗಾಂಜಾ ಹಾಕಿ ಬ್ರೌನಿ ಬೇಯಿಸ್ತಿದ್ರು, ಊರೆಲ್ಲ "ಬ್ರೌನಿ ಮೇರಿ" ಅಂತಿತ್ತು. ಮೊದಮೊದಲು ಮಾರ್ತಾನೇ ಇದ್ರು, 1981ರಲ್ಲಿ ಅರೆಸ್ಟ್ ಆದ್ರು, ಶಿಕ್ಷೆ ಅಂತ ಸಮುದಾಯ ಸೇವೆ ಮಾಡಿಸಿದ್ರು. ಆಮೇಲೆ ಏಡ್ಸ್ ಬಂತು. ಊಟ ಸೇರದೆ, ವಾಂತಿ ಮಾಡ್ಕೊಂಡು ಸಾಯ್ತಿದ್ದ ಹುಡುಗರಿಗೆ ಅದೇ ಬ್ರೌನೀನ ಪುಕ್ಕಟೆ ಹಂಚೋಕೆ ಶುರು ಮಾಡಿದ್ರು, ಏಡ್ಸ್ ವಾರ್ಡಲ್ಲಿ ವಾಲಂಟಿಯರ್ ಕೂಡ ಆದ್ರು. 1982ರಲ್ಲಿ ಮತ್ತೆ, 1992ರಲ್ಲಿ ಮೂರನೇ ಸಲ ಅರೆಸ್ಟ್. ಆ ಮೂರನೇ ಸಲ ಮಾತ್ರ ಜನ ಪೂರ್ತಿ ಅವರ ಕಡೆ, ಅದೇ ವರ್ಷ ಆಗಸ್ಟ್ 25ನ್ನ ನಗರಾಡಳಿತಾನೇ ಅವರ ಹೆಸರಿನ ದಿನ ಅಂತ ಘೋಷಿಸ್ತು. ಬ್ರೌನಿ ಬದಲಾಗಿರ್ಲಿಲ್ಲ, ಕಾನೂನೂ ಬದಲಾಗಿರ್ಲಿಲ್ಲ, ಬದಲಾಗಿದ್ದು ದುಡ್ಡು ಮತ್ತೆ ತಿನ್ನೋರು. ಇಂಥವರ ಒತ್ತಡದಿಂದಾನೇ 1996ರಲ್ಲಿ ಕ್ಯಾಲಿಫೋರ್ನಿಯಾ ಜನ ಪ್ರಪೋಸಿಷನ್ 215ಕ್ಕೆ ವೋಟ್ ಹಾಕಿ ಮೆಡಿಕಲ್ ಗಾಂಜಾಗೆ ಒಪ್ಪಿಗೆ ಕೊಟ್ಟಿದ್ದು, ಅಮೆರಿಕದಲ್ಲಿ ಅದೇ ಮೊದಲ ರಾಜ್ಯ. ಮುಂದೆ ಲೈಸೆನ್ಸು, ತೆರಿಗೆ ಎಲ್ಲ ಬಂದಾಗ ಬಡ ರೋಗಿಗಳಿಗೆ ದಾನ ಕೊಟ್ಟಿದ್ದಕ್ಕೂ ತೆರಿಗೆ ಕಟ್ಟೋ ತಮಾಷೆ ಆಗಿ, 2019ರಲ್ಲಿ ಆ ತೆರಿಗೆ ಬಿಡೋಕೆ ಅಂತಾನೇ ಒಂದು ಕಾಯ್ದೆ ಮಾಡಿದ್ರು. ಅದಕ್ಕೆ ಇಟ್ಟ ಹೆಸರಲ್ಲಿ ಬ್ರೌನಿ ಮೇರೀನೂ ಇದ್ದಾರೆ.

ಅಂದ್ರೆ ಜನರ ಮನಸ್ಸು ಗೀಚೋ ಗೆರೆಗೆ ಕಾನೂನೂ ಒಂದೊಂದ್ಸಲ ಬಾಗುತ್ತೆ. ಕೆನಡಾ ನೋಡಿ, 2018ರ ಕಾಯ್ದೆ ಪ್ರಕಾರ ವಯಸ್ಕರು ಇನ್ನೊಬ್ಬ ವಯಸ್ಕರಿಗೆ 30 ಗ್ರಾಂ ತನಕ ಕಾನೂನುಬದ್ಧ ಕ್ಯಾನಬಿಸ್ ಹಂಚ್ಬೋದು, ಲೈಸೆನ್ಸ್ ಇಲ್ಲದೆ ಮಾರಿದ್ರೆ ಮಾತ್ರ 14 ವರ್ಷದ ತನಕ ಜೈಲು. ಇನ್ನು ಕೆಲವು ಕಡೆ ಬಾಗಲ್ಲ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಮೆಡಿಕಲ್ ಗಾಂಜಾ ಕಾರ್ಡ್ ಇರೋ ರೋಗಿಗಳು ಕಾರ್ಡ್ ಇರೋ ಇನ್ನೊಬ್ಬ ರೋಗಿಗೆ ಮಾರ್ಬೋದಾ ಅನ್ನೋ ಕೇಸು ಆ ರಾಜ್ಯದ ಸುಪ್ರೀಂ ಕೋರ್ಟ್ ತನಕ ಹೋಗಿ, 2013ರಲ್ಲಿ ಕೋರ್ಟ್ ಕೊಟ್ಟ ಕಾರಣ ನನಗೆ ತುಂಬಾ ಇಷ್ಟ ಆಯ್ತು: ರೋಗಿಗೆ ಕಾನೂನು ಕೊಟ್ಟ ರಕ್ಷಣೆ ತನ್ನ ಕಾಯಿಲೆ ಶಮನ ಮಾಡ್ಕೊಳ್ಳೋಕೆ, ಇನ್ನೊಬ್ಬರಿಗೆ ಕೊಟ್ರೆ ತನ್ನ ಕಾಯಿಲೆ ಶಮನ ಆಗಲ್ವಲ್ಲ, ಹಾಗಾಗಿ ಅಲ್ಲಿಗೆ ರಕ್ಷಣೆ ಮುಗೀತು ಅಂತ.

ನನ್ನ ಅಭಿಪ್ರಾಯ ಕೇಳಿದ್ರೆ, ವ್ಯತ್ಯಾಸಕ್ಕೆ ಅರ್ಥ ಇದೆ, ಆದ್ರೆ ಜನ ಅಂದ್ಕೊಂಡಷ್ಟಿಲ್ಲ. ಮಾರೋನಿಗೆ ಜಾಸ್ತಿ ಮಾರಾಟ ಆಗ್ಲಿ ಅನ್ನೋ ಆಸೆ ಇರುತ್ತೆ, ಮುಂದಿನ ತಿಂಗಳು ಡಾಕ್ಟರ ಹತ್ರ ನೋವು ಸ್ವಲ್ಪ ಜಾಸ್ತಿ ಅಂತ ಸುಳ್ಳು ಹೇಳೋಕೂ ಅದೇ ಆಸೆ ದಾರಿ ಮಾಡುತ್ತೆ, ಆ ಮಟ್ಟಿಗೆ ಮಾರೋದು ಕೆಟ್ಟದ್ದೇ. ಆದ್ರೆ ತಗೊಂಡವರ ಮೈಗೆ ಅದು ದುಡ್ಡು ಕೊಟ್ಟು ತಂದಿದ್ದಾ ಪ್ರೀತಿಯಿಂದ ಬಂದಿದ್ದಾ ಅಂತ ತಿಳಿಯಲ್ಲ. ಎಷ್ಟೋ ಸಲ ಪ್ರೀತಿಯಿಂದ ಕೊಟ್ಟದ್ದೇ ಜಾಸ್ತಿ ಅಪಾಯ, ಯಾಕಂದ್ರೆ ಕೊಟ್ಟವರ ಮೇಲೆ ಯಾರಿಗೂ ಅನುಮಾನ ಇರಲ್ಲ, ತಗೊಂಡವರು ಏನೂ ಕೇಳಲ್ಲ. ಬರೀ ಗಾಂಜಾ ಕಥೆ ಅಲ್ಲ ಇದು. ಅಮೆರಿಕದಲ್ಲಿ ನೋವಿನ ಮಾತ್ರೆ ದುರುಪಯೋಗ ಮಾಡ್ಕೊಂಡವರನ್ನ 2013ರ ಸರ್ವೇಲಿ ಕೇಳಿದಾಗ, ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಅದು ಸಿಕ್ಕಿದ್ದು ಸ್ನೇಹಿತರು, ನೆಂಟರ ಹತ್ರ, ಅದೂ ಪುಕ್ಕಟೆ. ಮೂಲೇಲಿ ನಿಂತಿರೋ ಡೀಲರ್ ಪಾಲು ತೀರಾ ಕಮ್ಮಿ.

ಪ್ರಶ್ನೆ: ನಾನು ಜರ್ಮನೀಲಿದೀನಿ, ಬೆನ್ನುನೋವಿಗೆ ಗಾಂಜಾದ ಒಣ ಹೂವು ಬರೆದುಕೊಟ್ಟಿದ್ದಾರೆ, ದುಡ್ಡು ನನ್ನ ಜೇಬಿಂದಾನೇ. ಪ್ರತಿ ತಿಂಗಳೂ ಸ್ವಲ್ಪ ಮಿಗುತ್ತೆ. ಕೊಂಡ ಬೆಲೆಗೇ ಸಹೋದ್ಯೋಗಿಗೆ ಕೊಟ್ರೆ ಲಾಭ ಅಂತೂ ಇಲ್ಲ, ಇದನ್ನ ವ್ಯಾಪಾರ ಅನ್ನೋಕಾಗುತ್ತಾ?

ಉತ್ತರ: ಆಗುತ್ತೆ. ಲಾಭ ಬರ್ಲಿಲ್ಲ ಅಂದ್ರೆ ಅದು ಲಾಭ ಇಲ್ಲದ ವ್ಯಾಪಾರ, ಅಷ್ಟೇ. 2024ರ ಏಪ್ರಿಲ್ 1ರಿಂದ ಅಲ್ಲಿ ದೊಡ್ಡವರು 25 ಗ್ರಾಂ ಜೊತೇಲಿ ಇಟ್ಕೋಬೋದು, ಮನೇಲಿ ಮೂರು ಗಿಡ ಬೆಳೀಬೋದು ಅಂತ ಆಗಿದ್ದೇ ತಡ ಎಲ್ಲರೂ ಎಲ್ಲಾನೂ ಓಪನ್ ಆಯ್ತು ಅಂದ್ಕೊಂಡಿದ್ದಾರೆ. ಇಟ್ಕೊಳ್ಳೋದು ಬೇರೆ, ದಾಟಿಸೋದು ಬೇರೆ. ನಿಮ್ಮ ಔಷಧಿ ನಿಮ್ಮದೇ.

ನನಗೆ ಅದಕ್ಕಿಂತ ಕಾಡಿದ್ದು ಆ "ಪ್ರತಿ ತಿಂಗಳೂ ಮಿಗುತ್ತೆ" ಅನ್ನೋದು. ಮಿಗ್ತಿದೆ ಅಂದ್ರೆ ಬರೆದಿರೋದು ಜಾಸ್ತಿ ಅಂತ, ಅದನ್ನ ಡಾಕ್ಟರಿಗೆ ಹೇಳಿ ಕಮ್ಮಿ ಮಾಡಿಸ್ಕೊಂಡ್ರೆ ಕಷ್ಟಪಟ್ಟು ದುಡಿದ ದುಡ್ಡು ಜೇಬಲ್ಲೇ ಉಳಿಯುತ್ತೆ, ಸಹೋದ್ಯೋಗಿ ಮುಂದೆ ಗುಟ್ಟಾಗಿ ಡಬ್ಬಿ ತೆಗೆಯೋ ಪರಿಸ್ಥಿತೀನೂ ಬರಲ್ಲ. ಇಲ್ಲ, ಮಿಗಿಸೋಕೆ ಅಂತಾನೇ ಡೋಸ್ ಬಿಡ್ತಾ ಇದೀರಾ? ಹಾಗಿದ್ರೆ ಅದು ಬೇರೆ ಸಮಸ್ಯೆ, ಖರ್ಚು ತಡೆಯೋಕಾಗ್ತಿಲ್ಲ ಅಂತ ಬಾಯಿಬಿಟ್ಟು ಹೇಳಿ. ಇನ್ಶೂರೆನ್ಸ್ ಕೊಡುತ್ತಾ ಅಂತ ಮತ್ತೊಮ್ಮೆ ಅರ್ಜಿ ಹಾಕಿಸಿ, 2017ರ ಕಾನೂನಿನಲ್ಲಿ ಕೆಲವು ಸಂದರ್ಭಕ್ಕೆ ಅದಕ್ಕೆ ಅವಕಾಶ ಇದೆ.

ಪ್ರಶ್ನೆ: ಮಗಳಿಗೆ ಅಪಸ್ಮಾರ, ಡಾಕ್ಟರ್ ಬರೆದ ಸಿಬಿಡಿ ಔಷಧಿಯಿಂದ ಫಿಟ್ಸ್ ಬಹಳ ಕಮ್ಮಿ ಆಗಿದೆ. ಇಂಥದ್ದೇ ಮಕ್ಕಳಿರೋ ತಾಯಂದಿರು ನಾವು ಪರಸ್ಪರ ಪರಿಚಯದಲ್ಲಿದೀವಿ. ಅವರಲ್ಲಿ ಒಬ್ಬರಿಗೆ ಈ ತಿಂಗಳ ಬಾಟಲಿ ಬರೋದು ತಡ ಆಗಿದೆ, ಅರ್ಧ ಕೊಡಿ ಅಂತ ಅಳ್ತಾ ಇದಾರೆ. ಕೊಡದೇ ಇದ್ರೆ ನಾನು ಮನುಷ್ಯಳಾ?

ಉತ್ತರ: ಅಮ್ಮಾ, ನಿಮ್ಮನ್ನ ಯಾರೂ ಹಾಗೆ ಅನ್ನಲ್ಲ, ಕೊಟ್ರೂ ಅನ್ನಲ್ಲ, ಕೊಡದೇ ಇದ್ರೂ ಅನ್ನಲ್ಲ. ಈ ಸಲ ಬಂದ ಪತ್ರಗಳಲ್ಲಿ ನಾನು ಖಡಾಖಂಡಿತವಾಗಿ ಉತ್ತರ ಕೊಡೋಕಾಗದ್ದು ಇದೊಂದೇ. 2018ರ ಜೂನಲ್ಲಿ ಬಿಲ್ಲಿ ಕಾಲ್ಡ್‌ವೆಲ್ ಅನ್ನೋ ಅಪಸ್ಮಾರ ಇದ್ದ ಹುಡುಗನ ತಾಯಿ ಕೆನಡಾದಿಂದ ತಂದ ಕ್ಯಾನಬಿಸ್ ಎಣ್ಣೇನ ಲಂಡನ್ನಿನ ಹೀಥ್ರೂ ಏರ್‌ಪೋರ್ಟಲ್ಲಿ ಕಿತ್ಕೊಂಡ್ರು, ಹುಡುಗನಿಗೆ ಫಿಟ್ಸ್ ಜಾಸ್ತಿಯಾಗಿ ಆಸ್ಪತ್ರೆ ಸೇರಿದ, ಜನ ಹೇಗೆ ಕೆರಳಿದ್ರು ಅಂದ್ರೆ ಗೃಹ ಸಚಿವರೇ ವಿಶೇಷ ಅನುಮತಿ ಕೊಟ್ಟು ಎಣ್ಣೆ ವಾಪಸ್ ಕೊಡಿಸ್ಬೇಕಾಯ್ತು. ಅದೇ ವರ್ಷ ನವೆಂಬರ್ 1ರಿಂದ ಬ್ರಿಟನ್ನಲ್ಲಿ ಸ್ಪೆಷಲಿಸ್ಟ್ ಡಾಕ್ಟರುಗಳು ಇಂಥ ಎಣ್ಣೇನೂ ಬರೆದುಕೊಡೋ ಹಾಗಾಯ್ತು. ಅಂದ್ರೆ ಆ ತಾಯಿಯ ಹಠ ಎಲ್ಲರಿಗೂ ಅರ್ಥ ಆಗಿತ್ತು, ನಿಮ್ಮ ಸಂಕಟಾನೂ ಅರ್ಥ ಆಗೋಂಥದ್ದೇ.

ಆದ್ರೂ ಬಾಟಲಿ ಕೈಗೆ ಕೊಡೋ ಮೊದಲು ಇಷ್ಟು ನೋಡಿ. ಆ ಮಗು ತಗೊಳ್ತಿರೋದು ನಿಮ್ಮ ಮಗಳದ್ದೇ ಔಷಧೀನಾ? ಕಂಪನಿಯಿಂದ ಬರೋ ಶುದ್ಧ ಸಿಬಿಡಿ ದ್ರಾವಣದಲ್ಲಿ ಒಂದು ಎಂಎಲ್‌ಗೆ 100 ಮಿಲಿಗ್ರಾಂ ಇರುತ್ತೆ, ಬೇರೆ ಎಣ್ಣೆಗಳಲ್ಲಿ ಅದರ ಅರ್ಧ, ಕಾಲು, ಕೆಲವದರಲ್ಲಿ ಟಿಎಚ್‌ಸಿ ಕೂಡ ಇರ್ಬೋದು. ಸಿರಿಂಜ್‌ನ ಅದೇ ಗೀಟಿನ ತನಕ ಎಳೆದು ಕೊಟ್ರೆ ಒಂದು ಮಗುವಿಗೆ ಸರಿಯಾದ್ದು ಇನ್ನೊಂದಕ್ಕೆ ನಾಲ್ಕು ಪಟ್ಟು ಆಗ್ಬೋದು. ಡೋಸ್ ಲೆಕ್ಕ ಹಾಕೋದು ಮಗುವಿನ ತೂಕದ ಮೇಲೆ, ಅದು ಬೇರೆ. ಜೊತೆಗೆ ಫಿಟ್ಸಿಗೆ ಕೊಡೋ ಕ್ಲೋಬಜಾಮ್ ತಗೊಳ್ತಿರೋ ಮಗುವಾದ್ರೆ ಸಿಬಿಡಿ ಸೇರಿದಾಗ ಅದರ ಅಂಶ ರಕ್ತದಲ್ಲಿ ಏರಿ ಮಗು ಮಂಪರಲ್ಲೇ ಇರುತ್ತೆ, ಫಿಟ್ಸಿಗೇ ಕೊಡೋ ಇನ್ನೊಂದು ಔಷಧಿ ವಾಲ್ಪ್ರೊಯೇಟ್ ಇದ್ರೆ ಲಿವರ್ ಟೆಸ್ಟ್ ಏರುಪೇರಾಗ್ಬೋದು. ಇದನ್ನೆಲ್ಲ ಆ ಮಗುವಿನ ಡಾಕ್ಟರ್ ಸರಿಹೊಂದಿಸಿರ್ತಾರೆ, ನಿಮಗೆ ಅದು ಗೊತ್ತಿರಲ್ಲ, ಅಳ್ತಾ ಇರೋ ತಾಯಿಗೂ ಆ ಹೊತ್ತಲ್ಲಿ ನೆನಪಿರಲ್ಲ.

ಹಾಗಂತ ಆ ಮಗು ಔಷಧಿ ಇಲ್ದೆ ಕೂರೋದೂ ಸರಿಯಲ್ಲ, ದಿಢೀರ್ ನಿಲ್ಲಿಸಿದ್ರೆ ಫಿಟ್ಸ್ ಮರುಕಳಿಸ್ಬೋದು. ಅದಕ್ಕೆ ಅವರ ಜೊತೆ ಕೂತು ಫೋನ್ ಮಾಡಿಸಿ: ಮೊದಲು ನ್ಯೂರಾಲಜಿ ವಿಭಾಗದ ನರ್ಸ್‌ಗೆ, ಆಮೇಲೆ ಬರೆದುಕೊಟ್ಟ ಡಾಕ್ಟರಿಗೆ, ಫಾರ್ಮಸಿಗೆ. "ಇನ್ನು ಇಷ್ಟು ದಿನಕ್ಕೆ ಮಾತ್ರ ಇದೆ" ಅಂತ ಕೈಲಿರೋದನ್ನ ಅಳೆದು ಹೇಳ್ಲಿ, "ಖಾಲಿ ಆಗ್ತಿದೆ" ಅಂದ್ರೆ ಆ ಕಡೆಯವರಿಗೆ ಅರ್ಜೆಂಟ್ ಅಂತ ತಟ್ಟಲ್ಲ. ಬೇರೆ ಫಾರ್ಮಸಿಯಿಂದ ತರಿಸ್ಬೋದು, ಬೇರೆ ಮಾತ್ರೆ ಸ್ವಲ್ಪ ದಿನ ಏರಿಸ್ಬೋದು, ಐದು ನಿಮಿಷಕ್ಕಿಂತ ಜಾಸ್ತಿ ಫಿಟ್ಸ್ ಬಂದ್ರೆ ಕೊಡೋ ತುರ್ತು ಔಷಧಿ ಮನೇಲಿದೆಯಾ ಅಂತ ನೋಡ್ಬೋದು. ಡಾಕ್ಟರೇ ಫೋನಲ್ಲಿ "ಸರಿ, ಆ ಬಾಟಲೀನೇ ಇಷ್ಟು ಎಂಎಲ್ ಕೊಡಿ" ಅಂದ್ರೆ ಅದು ಅವರ ಜವಾಬ್ದಾರಿ. ನಿಮ್ಮ ಮಗಳ ಬಾಟಲಿ ಅರ್ಧ ಆದ್ರೆ ಮುಂದಿನ ವಾರ ಅಳೋದು ನೀವು, ಅದನ್ನೂ ನೆನಪಿಟ್ಕೊಳ್ಳಿ.

ಪ್ರಶ್ನೆ: ಮಗ ಹೈಸ್ಕೂಲು. ಅವನ ಫ್ರೆಂಡಿನ ಅಣ್ಣನಿಗೆ ಮೆಡಿಕಲ್ ಕಾರ್ಡ್ ಇದೆಯಂತೆ, "ಅದು ಔಷಧಿ ಮಮ್ಮಿ, ರಸ್ತೇಲಿ ಸಿಗೋದಲ್ಲ" ಅಂತ ನಂಗೇ ಪಾಠ ಮಾಡ್ತಾನೆ.

ಉತ್ತರ: ಪಾಠ ಮಾಡ್ತಿದಾನೆ ಅಂದ್ರೆ ಇನ್ನೂ ನಿಮ್ಮ ಹತ್ರ ಮಾತಾಡ್ತಿದಾನೆ, ಅದು ಒಳ್ಳೇದು, ಬಯ್ದು ಬಾಯಿ ಮುಚ್ಚಿಸ್ಬೇಡಿ. ಔಷಧಿ ಅನ್ನೋ ಲೇಬಲ್ಲು ಮಕ್ಕಳ ಕಣ್ಣಿಗೆ ಸೇಫ್ ಅನ್ನೋ ಲೇಬಲ್ ಥರ ಕಾಣುತ್ತೆ. ಕೊಲರಾಡೋ ರಾಜ್ಯದ ಡೆನ್ವರ್‌ನಲ್ಲಿ ಚಟ ಬಿಡಿಸೋ ಚಿಕಿತ್ಸೇಲಿದ್ದ ಹದಿಹರೆಯದವರನ್ನ ಕೇಳಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಮಕ್ಕಳು ಬೇರೆಯವರಿಗೆ ಬರೆದುಕೊಟ್ಟ ಗಾಂಜಾ ಸೇದಿದ್ರು. ಅವರೆಲ್ಲ ಆಗ್ಲೇ ಚಟದಲ್ಲಿದ್ದ ಮಕ್ಕಳು, ಎಲ್ಲ ಮಕ್ಕಳೂ ಹಾಗೇ ಅಂತ ಅರ್ಥ ಮಾಡ್ಕೋಬೇಡಿ, ಆದ್ರೆ ದಾರಿ ಎಲ್ಲಿಂದ ಇದೆ ಅಂತ ಅದು ತೋರಿಸುತ್ತೆ.

ಮಗನಿಗೆ ಹೇಳೋದಾದ್ರೆ ಜೈಲು ಗೀಲು ಅಂತ ಹೆದರಿಸೋದಕ್ಕಿಂತ ಒಂದು ಪ್ರಶ್ನೆ ಕೇಳಿ: ಆ ಅಣ್ಣನಿಗೆ ಬರೆಯೋ ಮೊದಲು ಡಾಕ್ಟರ್ ಅವರ ಮನೇಲಿ ಯಾರಿಗಾದ್ರೂ ಮಾನಸಿಕ ಕಾಯಿಲೆ ಇತ್ತಾ ಅಂತ ಕೇಳಿರ್ತಾರೆ, ನಿನ್ನ ಯಾರು ಕೇಳಿದ್ರು? ಸೈಕೋಸಿಸ್ (ಇಲ್ಲದ್ದು ಕಂಡ ಹಾಗೆ, ಕೇಳಿದ ಹಾಗೆ ಆಗೋ ಮಾನಸಿಕ ಕಾಯಿಲೆ) ಇರೋ ಕುಟುಂಬದ ಮಕ್ಕಳಿಗೆ ಟಿಎಚ್‌ಸಿ ಜಾಸ್ತಿ ಅಪಾಯ, ಎಳೇ ವಯಸ್ಸಲ್ಲಿ ಇನ್ನೂ ಜಾಸ್ತಿ. ಇನ್ನೊಂದು, ಸೇದೋದಲ್ಲದೆ ತಿನ್ನೋ ಥರದ್ದು ಬಂದ್ರೆ ಅದು ಹತ್ತೋಕೆ ಅರ್ಧ ಗಂಟೆಯಿಂದ ಎರಡು ಗಂಟೆ ಹಿಡಿಯುತ್ತೆ, ಏನೂ ಆಗ್ಲಿಲ್ಲ ಅಂತ ಹುಡುಗರು ಇನ್ನೊಂದು ತಿಂತಾರೆ, ಆಮೇಲೆ ಎರಡೂ ಒಟ್ಟಿಗೆ ಏರುತ್ತೆ. ಅದನ್ನ ತಿಳಿಸಿ.

ಪ್ರಶ್ನೆ: ಪ್ರಿಸ್ಕ್ರಿಪ್ಷನ್ ಜೊತೇಲಿದ್ರೆ ಸ್ನೇಹಿತರಿಗೆ ಅಂತ ಬೇರೆ ದೇಶಕ್ಕೆ ತಗೊಂಡು ಹೋಗ್ಬೋದಾ?

ಉತ್ತರ: ಬೇಡ. ಕೆನಡಾದಿಂದ ಹೊರಗೆ ತಗೊಂಡು ಹೋಗೋದು, ಒಳಗೆ ತರೋದು ಪ್ರಿಸ್ಕ್ರಿಪ್ಷನ್ ಇದ್ರೂ ಅಪರಾಧ. ಸಿಂಗಾಪುರಕ್ಕೆ ತಗೊಂಡು ಹೋದ ಗಾಂಜಾ 500 ಗ್ರಾಂಗಿಂತ ಜಾಸ್ತಿ ಇದ್ರೆ ಮರಣದಂಡನೆ ತನಕ ಹೋಗುತ್ತೆ.

ಪ್ರಶ್ನೆ: ಇಂಥ ವಿಷಯ ಬರೆದು ನೀವು ಗಾಂಜಾಕ್ಕೆ ಜಾಹೀರಾತು ಕೊಡ್ತಿದೀರಿ. ಸಂಪಾದಕರಿಗೆ ನಾಚಿಕೆ ಆಗ್ಬೇಕು.

ಉತ್ತರ: ಸಂಪಾದಕರಿಗೆ ತಲುಪಿಸಿದೀನಿ. ಮೇಲಿನ ಉತ್ತರಗಳಲ್ಲಿ ಎಷ್ಟು ಸಲ "ಕೊಡಬೇಡಿ" ಅಂದಿದೀನಿ ಅಂತ ದಯವಿಟ್ಟು ಒಂದ್ಸಲ ಎಣಿಸಿ.

ಪ್ರಶ್ನೆ: ನನ್ನ ರೂಮ್‌ಮೇಟ್ ನಿದ್ದೆ ಬರಲ್ಲ ಅಂತ ಬರೆಸ್ಕೊಂಡು ಬಂದು ಅರ್ಧಕ್ಕರ್ಧ ಮಾರ್ತಾನೆ. ಕ್ಲಿನಿಕ್ಕಿಗೆ ಹೇಳ್ಲಾ? ಚಾಡಿ ಹೇಳಿದ ಹಾಗಾಗುತ್ತೆ ಅಂತ ಎಲ್ಲರೂ ಅಂತಾರೆ.

ಉತ್ತರ: ಮೊದಲು ಅವನಿಗೇ ಹೇಳಿ, ಸುತ್ತಿ ಬಳಸಿ ಬೇಡ. "ನೀನು ಮಾರೋದು ನಂಗೊತ್ತು, ಈ ರೂಮಲ್ಲಿ ಬೇಡ" ಅಂತ. ಡಬ್ಬಿ ನಿಮ್ಮ ರೂಮಲ್ಲಿದ್ದು ಪೊಲೀಸರು ಬಂದ್ರೆ ಯಾರದ್ದು ಅಂತ ವಿವರಿಸೋ ಕೆಲಸ ನಿಮ್ಮ ತಲೆಗೂ ಬರುತ್ತೆ, ಅದನ್ನ ಅವನ ಮುಂದೆ ಮುಚ್ಚುಮರೆ ಇಲ್ದೆ ಹೇಳಿ. ಬಹಳಷ್ಟು ಜನಕ್ಕೆ ಇದು ದೊಡ್ಡ ವಿಷಯ ಅಂತಾನೇ ಅನ್ಸಿರಲ್ಲ, ಎಲ್ಲರೂ ನಕ್ಕು ಕೊಂಡ್ಕೊಳ್ತಾರಲ್ಲ, ಯಾರೋ ಒಬ್ಬರು ನಗದೇ ಇದ್ದಾಗ್ಲೇ ತಟ್ಟೋದು.

ನಿಲ್ಲಿಸ್ಲಿಲ್ಲ ಅಂದ್ರೆ ನೀವು ರೂಮ್ ಬದಲಾಯಿಸಿ. ಕ್ಲಿನಿಕ್ಕಿಗೆ ಹೇಳೋದು ಯಾವಾಗ ಅಂದ್ರೆ, ಕೊಳ್ಳೋರಲ್ಲಿ ಚಿಕ್ಕ ಹುಡುಗರಿದ್ರೆ, ಇಲ್ಲ ಯಾರಿಗಾದ್ರೂ ಹುಷಾರು ತಪ್ಪಿದ್ರೆ. ಆಗ ಚಾಡಿ ಗೀಡಿ ಅಂತ ಯೋಚ್ನೆ ಮಾಡ್ತಾ ಕೂರ್ಬೇಡಿ. ಇಂಥವನು ಸಿಕ್ಕಿಬಿದ್ದಾಗೆಲ್ಲ ಕ್ಲಿನಿಕ್‌ಗಳು ನಿಯಮ ಬಿಗಿ ಮಾಡ್ತವೆ, ಅದರ ಬಿಸಿ ತಟ್ಟೋದು ಮೊದಲನೇ ಪ್ರಶ್ನೇಲಿ ಬಂದ ಅಕ್ಕನಂಥ ಕಾಲು ಸೆಟೆದುಕೊಂಡಿರೋ ರೋಗಿಗಳಿಗೆ. ರೂಮ್‌ಮೇಟ್‌ಗೆ ಅದನ್ನೂ ಹೇಳಿ ನೋಡಿ, ಅವನಿಗೆ ನಿಜವಾಗ್ಲೂ ನಿದ್ದೆ ಬರಲ್ವಾ ಅಂತಾನೂ ಕೇಳಿ.